ಬಿಟ್ಟವರ ಕೈಗೇ ಕೂಸು

ಫಿಲೋಮಿನಾ ಅಕ್ಕಾ,

ಈ ಕಾಗದ ಕೈಗೆ ಬಂದ ತಕ್ಷಣ ನೀವು ಹಿಂದೆ ಮುಂದೆ ತಿರುಗಿಸಿ ನೋಡಿ, "ಇವಳು ಸುಮ್ಮನೆ ಬರೆಯೋಳಲ್ಲ, ಏನೋ ಇದೆ" ಎನ್ನುತ್ತೀರಿ. ಇದೆ. ಎಲ್ಲಿ ಕೂತು ಬರೆಯುತ್ತಿದ್ದೇನೆ ಎಂಬುದನ್ನು ಮಾತ್ರ ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿದರೆ ನೀವು ನಗಲು ಶುರು ಮಾಡಿ ಉಳಿದದ್ದನ್ನು ಓದುವುದೇ ಇಲ್ಲ. ನೀವು ಹೋದ ಮೇಲೆ ಒಂದು ಮಳೆಗಾಲ ಕಳೆಯಿತು. ನನ್ನ ಪುಟ್ಟಿ ಈಗ ಗೋಡೆ ಹಿಡಿದು ನಿಲ್ಲುತ್ತಾಳೆ. ಅವಳು ಹುಟ್ಟಿದಾಗಿನಿಂದ ನನಗೆ ನಿದ್ದೆಯಿಲ್ಲ. ಅವಳು ಎಬ್ಬಿಸುತ್ತಾಳೆ ಎಂದಲ್ಲ, ಅವಳು ಮಲಗಿದ್ದರೂ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಾ ಕೂರುತ್ತೇನೆ. ಹಾಲಿನವನ ಮೇಲೆ ಅನುಮಾನ, ಪೋಲಿಯೋ ಹನಿ ಹಾಕುವ ನರ್ಸಮ್ಮನ ಮೇಲೆ ಅನುಮಾನ. ಕಗ್ಗದಾಸಪುರದ ನಮ್ಮ ಮನೆ ಓನರ್ ಆಂಟಿ ಮಗುವನ್ನು ಎತ್ತಿಕೊಂಡು ಟೆರೇಸಿಗೆ ಹೋದರೆ ಅಲ್ಲಿನ ಮೋಟು ಗೋಡೆಯ ಮೇಲೂ ಅನುಮಾನ. ನೀವಿದ್ದಿದ್ದರೆ ಏನನ್ನುತ್ತಿದ್ದಿರಿ? "ಒಳ್ಳೇದೇ ಆಯ್ತು ಬಿಡಮ್ಮಾ, ಇನ್ನು ನಿನಗೆ ಈ ಕೆಲಸ ಬರತ್ತೆ" ಎನ್ನುತ್ತಿದ್ದಿರೋ ಏನೋ.

ನಾನು ಎಂ.ಎಸ್.ಡಬ್ಲ್ಯು. ಮುಗಿಸಿಕೊಂಡು ದಾವಣಗೆರೆಯಿಂದ ಬಂದು ನಿಮ್ಮ ಜೊತೆ ಸೇರಿದ ಆ ಮೊದಲ ಸೋಮವಾರ ನೆನಪಿದೆಯಾ? ಶಿವಾಜಿನಗರ ಬಸ್ ಸ್ಟ್ಯಾಂಡಿನ ಹಿಂದೆ, ಕಾಂಪೌಂಡ್ ಗೋಡೆಗೆ ನೀಲಿ ಪ್ಲಾಸ್ಟಿಕ್ ಕಟ್ಟಿಕೊಂಡು ಸಂಸಾರ ಹೂಡಿದ್ದ ಹೆಂಗಸರ ನಡುವೆ ನೀವು ಚಾಪೆ ಹಾಸಿದಿರಿ. ಸೋಮವಾರ ಕೋಳಿ ಮಾರ್ಕೆಟ್ಟಿನಲ್ಲಿ ಗಿರಾಕಿ ಕಡಿಮೆ, ಕೋಳಿ ಸುಲಿಯುವ ಅವರಿಗೆ ಕೂರಲು ಅದೊಂದೇ ದಿನ. ನಿಮ್ಮ ಹಲಸೂರು ಕನ್ನಡದಲ್ಲಿ ಶುರು ಮಾಡಿದಿರಿ: "ಮಕ್ಕಳಿಗೆ ಒಂದು ಜಾಗ ಮಾಡೋಣ ಅಂತ ಇದೆ. ಏನು ಬೇಕು ಅಂತ ಆಮೇಲೆ ಕೇಳ್ತೀನಿ ಮಾ. ಮೊದಲು ಯಾರಿಗೆ ಯಾರ ಮೇಲೆ ಏನು ಡೌಟು, ಅದು ಹೇಳಿ." ಅನುಮಾನವನ್ನು ಮುಖ ನೋಡಿಯೇ ಹೇಳಬೇಕು. ಯಾರ ಮೇಲೆ ಹೇಳಿದರೋ ಅವರು ತುಟಿ ಬಿಚ್ಚಕೂಡದು, ಮುಂದಿನ ಸೋಮವಾರದೊಳಗೆ ಉತ್ತರವನ್ನು ಮಾಡಿ ತೋರಿಸಬೇಕು. ಅದೇ ನಿಮ್ಮ ಕಟ್ಟಳೆ.

ರಾಯಚೂರು ಕಡೆಯ ಹುಲಿಗೆಮ್ಮ ನೇರವಾಗಿ ನನ್ನತ್ತ ಕೈ ತೋರಿಸಿದಳು. "ಈ ಹುಡುಗಿ ಬೂಟು ಹಾಕ್ಕೊಂಡೈತಿ, ಕೈಯಾಗ ಪೆನ್ನು ಐತಿ. ಹಿಂದಕ್ಕ ಇಂಥಾಕೀನ ಒಬ್ಬಾಕಿ ಬಂದು ಹೆಸರು ಬರ್ಕೊಂಡು ಹ್ವಾದ್ಲು. ಮರುದಿನ ಲಾರಿ ಬಂತು, ನಮ್ಮ ಗಂಟು ಮೂಟಿ ಎಲ್ಲಾ ಎತ್ತಿ ಒಗದ್ರು." ಅದು ನಾನಲ್ಲ ಎನ್ನಲು ಬಾಯಿ ತೆರೆದಾಗ ನೀವು ನನ್ನ ತೊಡೆ ಚಿವುಟಿದಿರಿ. ಮುಂದಿನ ವಾರ ಹವಾಯಿ ಚಪ್ಪಲಿ ಹಾಕಿಕೊಂಡು ಬರಿಗೈಯಲ್ಲಿ ಹೋದೆ. ಹುಲಿಗೆಮ್ಮ ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಬಿಟ್ಟಳು.

ಬಾಗಿಲು ಕೊಯ್ದ ದಿನವನ್ನಂತೂ ನಾನು ಮರೆಯುವುದಿಲ್ಲ. ಮಾರ್ಕೆಟ್ಟಿನ ಸಾಬರೊಬ್ಬರು ತಮ್ಮ ಗೋಡೌನಿನ ಒಂದು ಕೋಣೆಯನ್ನು ಬಾಲವಾಡಿಗೆಂದು ಕೊಟ್ಟಿದ್ದರು. ಬೆಳ್ಳುಳ್ಳಿ ಬಿಡಿಸುವ ಚಾಂದ್‌ಬಿಗೆ ಆ ಕೋಣೆಯ ಮೇಲೇ ಅನುಮಾನ. ಹಿಂದೊಮ್ಮೆ ಯಾರೋ ಹಾಸ್ಟೆಲ್ಲಿಗೆ ಸೇರಿಸುತ್ತೇವೆಂದು ಅವಳ ತಂಗಿಯ ಮಗುವನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದವರು ಎಲ್ಲಿಗೆ ಹೋದರೋ... "ಬಾಗಿಲು ಹಾಕ್ಕೊಂಡ್ರೆ ಒಳಗೆ ಏನು ಮಾಡ್ತೀರಾ ನಮಗೇನು ಗೊತ್ತು? ಬಂದ್ ಬಾಗಿಲು ನಕ್ಕೋ ಅಮ್ಮಾ, ಬೇಡ." ನೀವು ಬಡಗಿಯನ್ನು ಕರೆಸಿ, ತೇಗದ ಬಾಗಿಲನ್ನು ನಡುವಿಗೆ ಕೊಯ್ಯಿಸಿ, ಮೇಲಿನ ಅರ್ಧವನ್ನು ಕಿತ್ತೇ ಹಾಕಿದಿರಿ. ಸಾಬರು ತಲೆ ಮೇಲೆ ಕೈ ಹೊತ್ತು, "ಮೇರಾ ದರ್ವಾಜಾ!" ಎಂದು ಬೀದಿಯಲ್ಲಿ ಕೂಗುತ್ತಿದ್ದರು. ಹಾಗೆಯೇ ಒಂದೊಂದು ಅನುಮಾನದಿಂದ ಒಂದೊಂದು ಏರ್ಪಾಡು ಹುಟ್ಟಿತು. ಅನ್ನದಲ್ಲಿ ನಿದ್ದೆ ಮದ್ದು ಹಾಕುತ್ತಾರೆ ಎಂದು ಒಬ್ಬಳು ಹೇಳಿದ್ದಕ್ಕೆ, ಅಡಿಗೆ ಮಾಡಿದವಳ ಮಗುವೇ ಮೊದಲು ಉಣ್ಣಬೇಕು ಎಂದಾಯಿತು. ಆಫೀಸಿನವರ ಟೈಮಿಗೆ ತೆರೆಯುತ್ತೀರಿ ಎಂದು ಇನ್ನೊಬ್ಬಳು ಹೇಳಿದ್ದಕ್ಕೆ, ಕೋಳಿ ಲಾರಿ ಬರುವ ಹೊತ್ತಿಗೇ ತೆರೆಯಬೇಕು ಎಂದಾಯಿತು. ನಾನು ಕಾಲೇಜಿನಲ್ಲಿ ಓದಿದ್ದ ಯಾವ ಯೋಜನೆಯೂ ಇಷ್ಟೊಂದು ಬೈಗುಳ ತಿಂದು ತಯಾರಾಗಿರಲಿಲ್ಲ.

ಆಸ್ಪತ್ರೆಯಲ್ಲಿ ನಿಮ್ಮನ್ನು ಕೊನೆಯ ಸಲ ನೋಡಲು ಬಂದಾಗ ಪುಟ್ಟಿ ನನ್ನ ತೋಳಿನಲ್ಲಿ ಬಟ್ಟೆಯ ಗಂಟಿನ ಹಾಗಿದ್ದಳು. ನೀವು ಅವಳನ್ನು ನೋಡಿದಿರಿ, ಆಮೇಲೆ ನನ್ನನ್ನು ನೋಡಿದಿರಿ. "ರೂಮು ಶುರು ಆಗ್ಲಿ. ನಿನಗೂ ಒಂದು ಸೋಮವಾರ ಬರತ್ತೆ" ಎಂದಿರಿ. ಏನು ಹಾಗಂದರೆ ಎಂದು ಕೇಳುವಷ್ಟರಲ್ಲಿ ನರ್ಸ್ ಬಂದು ಹೊರಗೆ ಕಳಿಸಿದಳು. ಮರುದಿನ ನೀವು... ಆ ಮಾತಿನ ಮೇಲೆ ನನಗೆ ಅಂದಿನಿಂದಲೂ ಒಂದು ಕಣ್ಣಿದೆ, ಅಕ್ಕಾ.

ಬಾಣಂತನ ಮುಗಿಸಿ ಕೆಲಸಕ್ಕೆ ಮರಳಿದಾಗ ಕೋಣೆಗೆ ಸುಣ್ಣ ಬಳಿದಾಗಿತ್ತು, ಜೋಲಿ ಕಟ್ಟಿಯಾಗಿತ್ತು. ಮಕ್ಕಳನ್ನು ನೋಡಿಕೊಳ್ಳಲು ಹೆಂಗಸರೆಲ್ಲ ಸೇರಿ ಹುಲಿಗೆಮ್ಮನನ್ನೇ ಆರಿಸಿದ್ದರು. ಎಲ್ಲರ ಮೇಲೂ ಹರಿಹಾಯುವವಳು ಯಾರನ್ನೂ ಹತ್ತಿರ ಬಿಡುವುದಿಲ್ಲ ಎಂಬುದೇ ಅವಳ ಅರ್ಹತೆ. ನಾಳೆಯಿಂದ ಶುರು ಎನ್ನುವ ಆ ಸೋಮವಾರ, ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು. "ನಂದೊಂದು ಐತ್ರಿ. ಅಕ್ಕಾರು ತಮ್ಮ ಕೂಸಿನ್ನ ಬಾಜೂ ಮನ್ಯಾಗ ಬಿಟ್ಟು ಬಂದು ನಮ್ಮ ಕೂಸುಗಳಿಗೆ ಬಾಲವಾಡಿ ಮಾಡಾಕತ್ತಾರ. ಇದು ಛಲೋ ಜಾಗ ಆಗಿದ್ರ ಅವರ ಕೂಸು ಯಾಕ ಇಲ್ಲಿಲ್ಲ?" ಆಮೇಲೆ ಚಾಂದ್‌ಬಿ, "ಹೌ, ಅದೂ ಸರಿ. ಅಕ್ಕನ ಮಗು ಬರೋ ಗಂಟ ನಮ್ಮದೂ ಬೇಡ" ಎಂದಳು. ಒಬ್ಬೊಬ್ಬರೇ ತಲೆಯಾಡಿಸಿದರು. ಇದೇ ನನ್ನ ಸೋಮವಾರವೇ, ಅಕ್ಕಾ? ನನ್ನ ತೊಡೆ ಚಿವುಟಲು ಪಕ್ಕದಲ್ಲಿ ನೀವಿರಲಿಲ್ಲ. ಆದರೂ ಬಾಯಿ ಮುಚ್ಚಿಕೊಂಡೇ ಇದ್ದೆ.

ಆ ವಾರ ಹಲಸೂರಿನ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ, ಕಿಟಕಿಯ ಕೆಳಗೆ ಒಬ್ಬ ಹೆಂಗಸು ಮಗು ತೋರಿಸಿ ಕೈ ಚಾಚಿದಳು. ಆ ಮಗು ಬಿಸಿಲಿಗೆ ಮುಖವೊಡ್ಡಿ ಮಲಗಿತ್ತು. ಅಷ್ಟು ಗದ್ದಲದಲ್ಲಿ ಯಾವ ಮಗು ಹಾಗೆ ಮಲಗುತ್ತದೆ? ನಾನು ಬಗ್ಗಿ ಹೆಂಗಸಿನ ಮುಖ ನೋಡಿದೆ, ಹುಲಿಗೆಮ್ಮನೇನೋ ಎಂದು. ಅಲ್ಲ. ಅಲ್ಲವೆಂದು ಗೊತ್ತಾದ ಮೇಲೂ ಬಸ್ಸು ಹೊರಡುವವರೆಗೆ ಆ ಮಗುವಿನ ಉಸಿರನ್ನೇ ನೋಡುತ್ತಿದ್ದೆ. ಮನೆಯಲ್ಲಿ ಗಿರೀಶ್ ಒಂದೇ ಮಾತು ಹೇಳಿದರು: "ಕೆಲಸ ಬೇಕಾದ್ರೆ ಬಿಡು. ಮಗೂನ ಮಾತ್ರ ಅಲ್ಲಿ ಬಿಡ್ಬೇಡ." ಖಾಲಿ ಜೋಲಿಗಳು ಹಾಗೇ ತೂಗುತ್ತಿದ್ದವು. ಇನ್ನೊಂದು ವಾರ ಹೀಗೇ ಇದ್ದರೆ ಕೋಣೆ ವಾಪಸ್ ಕೊಡಿ, ಈರುಳ್ಳಿ ಮೂಟೆಯಾದರೂ ಇಡುತ್ತೇನೆ ಎಂದು ಸಾಬರು ಹೇಳಿ ಕಳಿಸಿದ್ದರು.

ಮುಂದಿನ ಸೋಮವಾರ ಪುಟ್ಟಿಯನ್ನು ಮಡಿಲಲ್ಲಿ ಕೂರಿಸಿಕೊಂಡು ಚಾಪೆಯ ಮೇಲೆ ಕೂತೆ. ಎಲ್ಲರ ಮುಖ ಅರಳಿತು. ಅದು ಅರಳಿದ್ದನ್ನು ನೋಡಿ ನನಗೆ ಇನ್ನೂ ಭಯವಾಯಿತು. "ನಂದೂ ಒಂದಿದೆ" ಎಂದೆ. ಹುಲಿಗೆಮ್ಮನ ಮುಖ ನೋಡಿಯೇ ಹೇಳಿದೆ: "ನಾನು ಆ ಕಡೆ ಹೋದ ಮೇಲೆ ನನ್ನ ಮಗೂನ ಯಾರದೋ ಕೈಗೆ ಕೊಟ್ಟುಬಿಡ್ತೀಯ, ಅವರು ಭಿಕ್ಷೆಗೆ ಅಂತ ಸಿಗ್ನಲ್ಲಿಗೆ ಎತ್ಕೊಂಡು ಹೋಗ್ತಾರೆ ಅಂತ ನನಗೆ ಅನುಮಾನ." ಹುಲಿಗೆಮ್ಮನ ಕುತ್ತಿಗೆಯ ನರ ಉಬ್ಬಿತು. ಕಟ್ಟಳೆಯಿಲ್ಲದಿದ್ದರೆ ಅವತ್ತು ನನ್ನ ಜುಟ್ಟು ಅವಳ ಕೈಯಲ್ಲಿರುತ್ತಿತ್ತು. ಚಾಂದ್‌ಬಿಯೇ ನಮ್ಮನ್ನು ಉಳಿಸಿದಳು. ಪುಟ್ಟಿಯ ಕೆನ್ನೆ ಹಿಂಡಿ, "ಅರೆ ಅಮ್ಮಾ, ಈ ಲಡ್ಡೂನ ಸಿಗ್ನಲ್ಲಿಗೆ ತಗೊಂಡು ಹೋದ್ರೆ ಯಾರು ಕಾಸು ಹಾಕ್ತಾರೆ? ಏನು ತಿನ್ನಿಸ್ತೀಯಮ್ಮಾ ಅಂತ ಕೇಳ್ತಾರೆ ಅಷ್ಟೇ!" ಎಂದಳು. ಎಲ್ಲರೂ ನಕ್ಕರು, ಹುಲಿಗೆಮ್ಮ ನಗಲಿಲ್ಲ.

ಅವಳ ಉತ್ತರಕ್ಕೆ ವಾರವೇನೂ ಹಿಡಿಯಲಿಲ್ಲ. ಮರುದಿನ ಬೆಳಿಗ್ಗೆ ನಾನು ಹೋದಾಗ ಅರ್ಧ ಬಾಗಿಲ ಹಿಂದೆ ನಿಂತು ಇಡೀ ಓಣಿಗೆ ಕೇಳುವಂತೆ ಕೂಗಿದಳು: "ಕೇಳ್ರೆವ್ವಾ! ಇವತ್ತಿಂದ ಬಿಟ್ಟವರ ಕೈಗೇ ಕೂಸು. ಗಂಡ ಬರ್ಲಿ, ಅತ್ತಿ ಬರ್ಲಿ, ಪೊಲೀಸ್ ಸಾಹೇಬ ಬರ್ಲಿ, ಮುಂಜಾನಿ ಯಾರು ಬಿಟ್ಟಿರ್ತಾರೋ ಅವ್ರಿಗೇ ಕೊಡಾಕಿ ನಾನು!" ಹೇಳಿ ಎರಡೂ ಕೈ ಚಾಚಿದಳು. ನಾನು ಪುಟ್ಟಿಯನ್ನು ಕೊಟ್ಟೆನೋ, ಅವಳೇ ಕಿತ್ತುಕೊಂಡಳೋ, ಈಗಲೂ ಸರಿಯಾಗಿ ಗೊತ್ತಿಲ್ಲ. ನನ್ನ ಹಿಂದೆ ಚಾಂದ್‌ಬಿ ಮೊಮ್ಮಗನನ್ನು ದಾಟಿಸಿದಳು, ಅವಳ ಹಿಂದೆ ಇನ್ನೊಬ್ಬಳು. ನಾನು ಎದುರಿನ ಚಾ ಅಂಗಡಿಯಲ್ಲಿ ಅವಿತು ಇಣುಕುತ್ತಿದ್ದೆ. "ಹೋಗ್ರಿ ಅಕ್ಕಾರ, ನಿಮ್ಮ ತಲಿ ಕಂಡಾಗೊಮ್ಮೆ ಕೂಸು ಅಳಾಕತ್ತೈತಿ!" ಎಂದು ಒಳಗಿಂದಲೇ ಗದರಿಕೆ ಬಂತು.

ಕೆ.ಆರ್. ಪುರದಲ್ಲಿ ಸಿಕ್ಕಿಹಾಕಿಕೊಂಡ ಆ ಸಂಜೆಯ ಕಥೆ ನೀವು ಕೇಳಲೇಬೇಕು. ಅಲ್ಲಿನ ರೈಲ್ವೆ ಹಳಿಯ ಪಕ್ಕದ ಸಂಸಾರಗಳೂ ಬಾಲವಾಡಿ ಬೇಕೆಂದು ಕರೆದಿದ್ದರು, ನಿಮ್ಮ ಚಾಪೆ ಒಯ್ದಿದ್ದೆ. ಬರುವಾಗ ತೂಗುಸೇತುವೆಯ ಕೆಲಸ ನಡೆಯುವಲ್ಲಿ ಬಸ್ಸು ನಿಂತದ್ದು ನಿಂತೇ ಬಿಟ್ಟಿತು. ಇಳಿದು ಕಾಯಿನ್ ಬೂತಿನಿಂದ ಗಿರೀಶ್‌ಗೆ ಫೋನ್ ಮಾಡಿ ಮಗುವನ್ನು ತರಲು ಹೇಳಿದೆ. ದೊಡ್ಡನೆಕ್ಕುಂದಿಯ ಫ್ಯಾಕ್ಟರಿಯಿಂದ ಸ್ಕೂಟರ್ ತಂದು ಅವರು ಹೋದರಂತೆ. ಹುಲಿಗೆಮ್ಮ ಕೊಡಲಿಲ್ಲ. ಪರ್ಸಿನಿಂದ ನಮ್ಮ ಮೂವರ ಫೋಟೋ ತೆಗೆದು ತೋರಿಸಿದರಂತೆ. "ಫೋಟೋದಾಗ ಇರೋದು ನೀವ ಇರಬೇಕ್ರಿ, ಇಲ್ಲನ್ನಂಗಿಲ್ಲ. ಬಿಟ್ಟಾಕಿ ಬರ್ಲಿ" ಎಂದಳಂತೆ. ಪುಟ್ಟಿ "ಪಪ್ಪ" ಎಂದು ಕೈ ಚಾಚಿದ್ದನ್ನು ನೋಡಿಯೂ ಜಗ್ಗಲಿಲ್ಲ. ನಾನು ಓಡಿ ಬಂದು ನೋಡಿದರೆ, ಬೋರಲು ಹಾಕಿದ ಕೋಳಿ ಬುಟ್ಟಿಯ ಮೇಲೆ ಗಿರೀಶ್ ಕೂತಿದ್ದಾರೆ, ಅವರು ಎಲ್ಲಿ ಮಗು ಕದ್ದಾರೋ ಎಂದು ಚಾಂದ್‌ಬಿ ಪಕ್ಕದಲ್ಲೇ ಕಾವಲು. ಒಳಗೆ ಹುಲಿಗೆಮ್ಮನ ಸೊಂಟದ ಮೇಲೆ ಪುಟ್ಟಿ ರಸ್ಕ್ ಚೀಪುತ್ತಿದ್ದಾಳೆ.

ಸ್ಕೂಟರಿನಲ್ಲಿ ಹಲಸೂರು ಕೆರೆ ದಾಟುವವರೆಗೂ ಇವರದು ಒಂದೇ ರಾಗ. "ನನ್ನ ಮಗಳು! ನನಗೇ ಕೊಡಲ್ಲ ಅಂದ್ಲು! ಜನ ಎಲ್ಲಾ ನನ್ನನ್ನ ಮಕ್ಕಳ ಕಳ್ಳನ್ನ ನೋಡ್ದಂಗೆ ನೋಡ್ತಾ ಇದ್ರು ಕಣೇ!" ಕೆರೆ ದಾಟಿದ ಮೇಲೆ, ತಿರುಗಿ ನೋಡದೆ, "ಅಲ್ಲ, ನಾನು ನಿಜವಾಗ್ಲೂ ಕಳ್ಳ ಆಗಿದ್ದಿದ್ರೆ..." ಎಂದರು. ಅಕ್ಕಾ, ಅವತ್ತು ನಾನು ನಿದ್ದೆ ಮಾಡಿದೆ. ಮಗು ಎದ್ದದ್ದೂ ಗೊತ್ತಾಗದಷ್ಟು.

ಮೊನ್ನೆ ಸೋಮವಾರ ಹುಲಿಗೆಮ್ಮ ಮತ್ತೆ ಎದ್ದಳು. "ಆ ಯಜಮಾನ್ರ ಮ್ಯಾಲ ನಂಗೊಂದು ಅನುಮಾನ ಐತ್ರಿ. ಆ ಸಿಟ್ಟಿಗೆ ಅಕ್ಕಾರ ಕೆಲಸಾನೂ ಬಿಡಸ್ತಾರ, ಕೂಸಿನ್ನೂ ಬಿಡಸ್ತಾರ." ಇವರಿಲ್ಲದ ಕಡೆ ಇವರ ಪರವಾಗಿ ನಾನು ಮಾತಾಡಬಹುದೇ? ನಿಮ್ಮನ್ನು ಕೇಳಲಾಗದೆ ಸುಮ್ಮನಿದ್ದೆ. ಮನೆಗೆ ಬಂದು ಅವಳ ಮಾತನ್ನು ಹಾಗೇ ಹೇಳಿದೆ. ಗಿರೀಶ್ ಪೇಪರಿನಿಂದ ತಲೆ ಎತ್ತಲಿಲ್ಲ. ಇವತ್ತು ಬೆಳಿಗ್ಗೆ ಮಾತ್ರ ಮಗುವಿನ ಚೀಲವನ್ನು ಸ್ಕೂಟರಿಗೆ ನೇತುಹಾಕಿ, "ನೀನು ಬಸ್ಸಲ್ಲಿ ಬಾ. ಇವಳನ್ನ ನಾನೇ ಬಿಡ್ತೀನಿ" ಎಂದರು.

ಈಗ ಗೊತ್ತಾಯಿತಲ್ಲ, ನಾನು ಎಲ್ಲಿದ್ದೇನೆ ಎಂದು? ಕೆಲಸ ಮುಗಿಸಿ ಮಗುವನ್ನು ಕರೆದೊಯ್ಯಲು ಬಂದೆ. "ಮುಂಜಾನಿ ಬಿಟ್ಟಾವ್ರು ಯಜಮಾನ್ರು. ಅವರ ಬರ್ಲಿ" ಎಂದಳು ಹುಲಿಗೆಮ್ಮ. ನಾನು ಹೆತ್ತ ತಾಯಿ ಕಣೇ ಎಂದೆ. "ಅದು ನಂಗೂ ಗೊತ್ತೈತ್ರಿ. ಹಾಲು ಕುಡಸೋದಿದ್ರ ಒಳಗ ಬಂದು ಕುಡಸ್ರಿ, ಎತ್ಕೊಂಡು ಹೊರಗ ಹೋಗಂಗಿಲ್ಲ." ಕುಡಿಸಿ ಹೊರಗೆ ಬಂದು ಅದೇ ಕೋಳಿ ಬುಟ್ಟಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಚಾಂದ್‌ಬಿ ಪಕ್ಕದಲ್ಲೇ ಕಾವಲಿದ್ದಾಳೆ. ನಗಿ, ಪರವಾಗಿಲ್ಲ.

ಚಾಪೆಯ ಮೇಲೆ ನಿಮ್ಮ ಮೂಲೆಯಲ್ಲಿ ಇನ್ನೂ ಯಾರೂ ಕೂರುವುದಿಲ್ಲ. ಬರುವ ಸೋಮವಾರ ನಾನು ಆ ಮೂಲೆಯ ಕಡೆ ಮುಖ ಮಾಡಿ ನನ್ನ ಅನುಮಾನ ಹೇಳುವವಳಿದ್ದೇನೆ. ಆಸ್ಪತ್ರೆಯಲ್ಲಿ ಪುಟ್ಟಿಯನ್ನು ನೋಡಿದಾಗಲೇ ಇದೆಲ್ಲ ಹೀಗೇ ಆಗುತ್ತದೆಂದು ನಿಮಗೆ ಗೊತ್ತಿತ್ತು, ಅಲ್ಲವಾ? ನೀವು ತುಟಿ ಬಿಚ್ಚುವ ಹಾಗಿಲ್ಲ. ಕಟ್ಟಳೆ ನಿಮ್ಮದೇ.

ನಿಮ್ಮ
ಸುಮಾ