ಹನ್ನೊಂದನೇ ದೋಣಿಯ ಪರ್ಮಿಟ್ಟೂ ನಿಮ್ಮ ಬ್ರೆಡ್ ಪೊಟ್ಟಣವೂ

ಸಾಗರ ಉದ್ಯಾನದ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಮೀನುಗಳು ಅತಿಥಿಗಳನ್ನು ಪ್ರೀತಿಸುವುದಿಲ್ಲ. ಟಿಕೆಟ್ ಕೌಂಟರಿನ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ನೀವು ಬರೆಸಿರುವ ಆ ಮಾತು ಸುಳ್ಳು. ಅವು ಪ್ರೀತಿಸುವುದು ಪ್ರತಿ ಟಿಕೆಟ್ಟಿನ ಜೊತೆ ನೀವು ಉಚಿತವಾಗಿ ಹಂಚುವ ಬ್ರೆಡ್ ಪೊಟ್ಟಣವನ್ನು. ಇದನ್ನು ಭಾಷಣ ಬಿಗಿಯದೆ, ಸುಮ್ಮನೆ ಹುಟ್ಟು ಹಾಕಿ ತೋರಿಸಿಕೊಟ್ಟ ಹನ್ನೊಂದನೇ ದೋಣಿ ನಡೆಸುವ ಅಕ್ಕನ ಪರ್ಮಿಟ್ಟನ್ನು ನೀವು ಇಡೀ ಸೀಸನ್ನಿಗೆ ತಡೆಹಿಡಿದಿದ್ದೀರಿ. ಅದಕ್ಕೆ ಸಾಕ್ಷಿಯಾಗಿ ಬಳಸಿಕೊಂಡದ್ದು ನನ್ನ ಕೈಬರಹವನ್ನು. ಆದ್ದರಿಂದ ಈ ಬಹಿರಂಗ ಪತ್ರದ ಕೈಬರಹದ ಒಂದು ಪ್ರತಿಯನ್ನು ನಿಮ್ಮ ಕಚೇರಿಗೂ ಅಂಚೆಗೆ ಹಾಕಿದ್ದೇನೆ. ಹೋಲಿಸಿ ನೋಡಲು ಅನುಕೂಲವಾಗಲಿ.

ನಾನು ಕಾಲೇಜಿನ ಮೊದಲ ವರ್ಷದವಳು. ಲೈಬ್ರರಿ ಪುಸ್ತಕ ಒಂದು ದಿನ ತಡವಾದರೂ ಕ್ಷಮಾಪಣೆಯ ಚೀಟಿ ಬರೆದಿಡುವ ಜಾತಿ. ಮೀನಿನ ವಿಷಯ ಮಾತಾಡಲು ನನಗಿರುವ ಅರ್ಹತೆ ಒಂದೇ: ಒಂಬತ್ತನೇ ಕ್ಲಾಸಿನಲ್ಲಿ ಹಾಸ್ಟೆಲಿನ ಅಕ್ವೇರಿಯಂ ಮೀನುಗಳನ್ನು ಮುದ್ದು ಮಾಡಿ ಕೊಂದವರಲ್ಲಿ ನಾನೂ ಒಬ್ಬಳು. ಕಾಮನ್ ರೂಮಿನ ಆ ಟ್ಯಾಂಕಿನ ಮುಚ್ಚಳ ತೆಗೆದರೆ ಕೀಂಯ್ ಅನ್ನುತ್ತಿತ್ತು. ಆ ಸದ್ದಿಗೇ ಏಳೂ ಮೀನು ಬಾಯಿ ತೆರೆದು ಮೇಲೆ ಬರುತ್ತಿದ್ದವು. 'ಪಾಪ, ಹಸಿದಿವೆ ಕಣೇ, ನನ್ನ ಕಂಡ್ರೆ ಎಷ್ಟು ಇಷ್ಟ ನೋಡು!' ಅಂತ ಒಬ್ಬಳು ಒಂದು ಚಿಟಿಕೆ ಹಾಕಿ ಹೋದರೆ, ಹತ್ತು ನಿಮಿಷಕ್ಕೆ ಇನ್ನೊಬ್ಬಳು. ಮೂವತ್ತು ಹುಡುಗಿಯರ ಮೂವತ್ತು ಚಿಟಿಕೆ. ವಾರದಲ್ಲಿ ನೀರು ಗಂಜಿಯ ಹಾಗಾಯಿತು. ಕಲ್ಲು, ಗಿಡ, ಗಾಜಿಗೆಲ್ಲ ಪಾಚಿಯ ಹಸಿರು ತುಪ್ಪಳ. ಏಳೂ ಮೀನು ಹೊಟ್ಟೆ ಮೇಲೆ ಮಾಡಿದವು. ಅವು ಗುರುತಿಟ್ಟುಕೊಂಡದ್ದು ಮುಚ್ಚಳವನ್ನು, ನಮ್ಮನ್ನಲ್ಲ. ಇಷ್ಟು ತಿಳಿಯಲು ನಮಗೆ ಏಳು ಜೀವ ಬೇಕಾಯಿತು. ನಿಮಗೆ ಎಷ್ಟು ಬೇಕು?

ರಜೆಗೆ ಚಿಕ್ಕಮ್ಮ ನನ್ನನ್ನು ನಿಮ್ಮ ಉದ್ಯಾನಕ್ಕೆ ಕರೆತಂದಳು. ಗಾಜಿನ ಡಬ್ಬಗಳಲ್ಲಿ ಮಾತ್ರ ಕಂಡಿದ್ದ ಮೀನುಗಳನ್ನು ಅವುಗಳ ಮನೆಯಲ್ಲೇ ನೋಡುವ ಆಸೆಗೆ ನಾನು ಮೂರು ತಿಂಗಳಿಂದ ಪಟ್ಟಿ ಮಾಡಿಟ್ಟುಕೊಂಡಿದ್ದೆ. ಮೊದಲ ದಿನ ನಾವಿದ್ದ ಹನ್ನೊಂದನೆಯದೂ ಸೇರಿ ಎಲ್ಲ ದೋಣಿಗಳೂ, ಬ್ರೆಡ್ ಹಾಕುವ ಜಾಗದ ಗುರುತಿಗೆ ಸಮುದ್ರದಲ್ಲಿ ತೇಲಿಬಿಟ್ಟ ಕೆಂಪು ತೇಲುಗುಂಡಿನ ಹತ್ತಿರ ಎಂಜಿನ್ ಗುರುಗುಟ್ಟಿಸುತ್ತ ನಿಂತವು. ನೀರು ಕುದಿದಂತೆ ಮೀನು ಮೇಲೆದ್ದಿತು. ಒಪ್ಪಿಕೊಳ್ಳುತ್ತೇನೆ, ನಾನೂ ಪೊಟ್ಟಣ ಹರಿದು ಸುರಿದೆ. ಅಷ್ಟು ಬಣ್ಣ ಒಟ್ಟಿಗೇ ಕೈಗೆ ಮುತ್ತಿದಾಗ ಹಾಸ್ಟೆಲಿನ ಏಳು ಮೀನು ಯಾರಿಗೆ ನೆನಪಾಗುತ್ತವೆ? ಮಾಸ್ಕ್ ತೊಟ್ಟು, ಉಸಿರಾಡುವ ಸ್ನಾರ್ಕೆಲ್ ಕೊಳವೆ ಕಚ್ಚಿ ನೀರೊಳಗೆ ನೋಡಿದಾಗ ನೆನಪಾದವು. ಹವಳದ ಮೇಲೆ ಅದೇ ಹಸಿರು ತುಪ್ಪಳ. ಅದನ್ನು ದಿನವಿಡೀ ಮೇಯಬೇಕಾದ ಮೀನುಗಳೆಲ್ಲ ಮೇಲೆ, ನನ್ನ ಕೈಯಲ್ಲಿ.

ದೋಣಿಗೆ ಹತ್ತಿದವಳೇ ಅಕ್ಕನಿಗೆ ಹೇಳಿದೆ. ಅವಳು ಹಗ್ಗ ಸುತ್ತುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

'ಸುರಿಯೋದೆಲ್ಲ ಸುರಿದಾದ್ಮೇಲೆ ಜ್ಞಾನೋದಯ ಆಯ್ತಾ ಕಾಲೇಜಮ್ಮಾ?'

'ಮತ್ತೆ ನೀವ್ಯಾಕೆ ಮೊದ್ಲೇ ಹೇಳ್ಲಿಲ್ಲ?'

'ಹೇಳಿದ್ರೆ ಕೇಳೋರ ಮುಖ ಬೇರೆ ಇರುತ್ತೆ. ನಾಳೆ ಬಾ. ಪೊಟ್ಟಣ ಕೌಂಟರಲ್ಲೇ ಬಿಟ್ಟು ಬಾ.'

ಮರುದಿನ ಅವಳು ತೇಲುಗುಂಡು ಇನ್ನೂ ಬಹಳ ದೂರವಿರುವಾಗಲೇ ಎಂಜಿನ್ ನಿಲ್ಲಿಸಿ ಹುಟ್ಟು ಹಿಡಿದಳು. 'ಸದ್ದು ಕೇಳಿದ್ರೆ ಮೀನು ಮೀನಾಗಿರಲ್ಲ, ಮದುವೆ ಮನೆ ಪಂಕ್ತಿ ಆಗಿಬಿಡುತ್ತೆ' ಅಂದಳು. ಚಿಕ್ಕಮ್ಮ ನಕ್ಕು ನಕ್ಕು ಲೈಫ್ ಜಾಕೆಟ್ಟಿನೊಳಗೇ ಕೆಮ್ಮಿದಳು. ನಾನು ನೀರಿಗಿಳಿದೆ. ಒಂದು ಮೀನೂ ನನ್ನ ಕಡೆ ತಿರುಗಲಿಲ್ಲ. ಮಾನ್ಯರೇ, ಯಾರಿಗೂ ಬೇಡವಾಗಿರುವುದು ಎಷ್ಟು ಸುಖ ಅಂತ ನನಗೆ ಗೊತ್ತೇ ಇರಲಿಲ್ಲ. ಗಿಳಿಯಂಥ ಕೊಕ್ಕಿನ ಮೀನುಗಳು ಹವಳದ ಮೇಲಿನ ಪಾಚಿ ಕೆರೆಯುತ್ತಿದ್ದವು. ಆ ಕಟಕಟ ಸದ್ದು, ಪಕ್ಕದಲ್ಲಿ ಯಾರೋ ಸಕ್ಕರೆ ಹರಳು ಕಡಿದಂತೆ, ನೀರೊಳಗೆ ಸ್ಪಷ್ಟವಾಗಿ ಕೇಳಿತು. ಬಂಡೆಯೊಂದರ ಮೇಲೆ ಅಂಗೈಯಗಲ ನೇರಳೆ ಮೊಟ್ಟೆಗಳ ಹಾಸು. ಅದರ ಮುಂದೆ ಕಪ್ಪು ಪಟ್ಟೆಯ ಅಪ್ಪಮೀನು ಕಾವಲು. ನನ್ನ ಬೆರಳಿಗಿಂತ ಸ್ವಲ್ಪ ಉದ್ದ, ಆದರೂ ನನ್ನನ್ನೇ ಎರಡು ಸಲ ಅಟ್ಟಿಸಿಕೊಂಡು ಬಂತು.

ಅಷ್ಟರಲ್ಲಿ ದೂರದಲ್ಲಿ ಇನ್ನೊಂದು ದೋಣಿಯ ಎಂಜಿನ್ ಕೇಳಿಸಿತು. ನನಗೆ ಹೆದರದ ಆ ಅಪ್ಪಮೀನು ಮೊಟ್ಟೆ ಬಿಟ್ಟು ಮೇಲಕ್ಕೆ ಹಾರಿತು. ಅದು ಬ್ರೆಡ್ಡಿನ ಚೂರು ಕಚ್ಚಿಕೊಂಡು ವಾಪಸ್ ಬರುವಷ್ಟರಲ್ಲಿ ಎಲ್ಲಿಂದಲೋ ನುಗ್ಗಿದ ಬೇರೆ ಮೀನುಗಳ ಹಿಂಡು ಮೊಟ್ಟೆ ತಿಂದು ಬಂಡೆಯನ್ನು ಬೋಳು ಮಾಡಿತ್ತು. ಅಪ್ಪಮೀನು ಮತ್ತೆ ಅಲ್ಲೇ ಕಾವಲು ನಿಂತಿತು, ಬರೀ ಕಲ್ಲಿಗೆ. ನನ್ನ ಮಾಸ್ಕಿನೊಳಗೆ ನೀರು ತುಂಬಿದ್ದು ಸಮುದ್ರದಿಂದಲ್ಲ.

ಸಂಜೆ ನಿಮ್ಮ ಅನಿಸಿಕೆ ಪುಸ್ತಕದಲ್ಲಿ ಇಷ್ಟನ್ನೂ ಬರೆದೆ. ಹೊಗಳಿ ಬರೆದೆ. ಇಲ್ಲೇ ನಾನು ಎಡವಿದ್ದು. ದಿನಾಂಕ, ಸಮಯ, ರೂಮ್ ನಂಬರ್ ಇಲ್ಲದ ಚೀಟಿಯನ್ನು ನಮ್ಮ ಹಾಸ್ಟೆಲ್ ವಾರ್ಡನ್ ಓದದೆ ಹರಿಯುತ್ತಿದ್ದರು. ಎಂಟು ವರ್ಷ ಅದನ್ನೇ ಕಲಿತವಳು ನಾನು. 'ಹನ್ನೊಂದನೇ ದೋಣಿ, ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಎಂಜಿನ್ ನಿಲ್ಲಿಸಿ, ತೇಲುಗುಂಡಿಗೆ ಹೋಗದೆ, ಆಹಾರ ಹಾಕಿಸದೆ ಮೀನು ತೋರಿಸಿದ ಅಕ್ಕನಿಗೆ ವಂದನೆ' ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದು ಕೆಳಗೆ ಗೆರೆಯನ್ನೂ ಎಳೆದೆ. ಮೂರನೇ ದಿನ ಹನ್ನೊಂದನೇ ದೋಣಿ ಮರಳಿನ ಮೇಲೆ ಬೋರಲು ಬಿದ್ದಿತ್ತು. ಅದಕ್ಕಂಟಿಸಿದ್ದ ನಿಮ್ಮ ಆದೇಶದಲ್ಲಿ ನನ್ನ ವಾಕ್ಯ, ಗೆರೆಯ ಸಮೇತ. 'ಪ್ರವಾಸಿಯ ಲಿಖಿತ ಹೇಳಿಕೆಯಂತೆ, ಅತಿಥಿಗಳಿಗೆ ಆಹಾರ ನೀಡುವ ಅನುಭವವನ್ನು ನಿರಾಕರಿಸಿರುವುದು ಸಾಬೀತಾಗಿದೆ.' ಯಾರಿಗೆ ನಿರಾಕರಿಸಿದರು ಸ್ವಾಮಿ? ಆ ಅತಿಥಿ ನಾನು. ನನ್ನನ್ನು ಒಂದು ಮಾತು ಕೇಳಿದಿರಾ?

ಅಕ್ಕ ಬೋರಲು ದೋಣಿಯ ಮೇಲೆ ಕೂತಿದ್ದಳು. ನನಗೆ ಅಳು ಬಂತು. ಅವಳಿಗೆ ಬರಲಿಲ್ಲ.

'ನೀನು ಒಳ್ಳೇದೇ ಬರೆದೆ ಬಿಡು. ಆ ಪುಸ್ತಕ ಯಾರಾದ್ರೂ ಓದ್ತಾರೆ ಅಂತ ಹದಿನಾರು ವರ್ಷದಲ್ಲಿ ಇವತ್ತೇ ಗೊತ್ತಾಗಿದ್ದು.'

'ಈಗೇನು ಮಾಡ್ತೀರಿ ಅಕ್ಕಾ?'

'ನೀನು ನಾಳೆ ಊರಿಗೆ ಹೋಗ್ತೀಯ. ನಾನು ದೋಣಿಗೆ ಬಣ್ಣ ಬಳೀತೀನಿ. ಇನ್ನೇನು?'

'ನಮಗ್ಯಾಕೆ ಬೇಕು ಬಾರೇ' ಎಂದು ಚಿಕ್ಕಮ್ಮ ಕೈ ಹಿಡಿದೆಳೆದರೂ ನಿಮ್ಮ ಕಚೇರಿಗೆ ಬಂದೆ. ಗುಮಾಸ್ತರು ತಲೆ ಎತ್ತದೆ ಹೇಳಿದರು, 'ಸಾಹೇಬ್ರು ಮೀಟಿಂಗಲ್ಲಿದ್ದಾರೆ. ಏನಾದ್ರೂ ಇದ್ರೆ ಪುಸ್ತಕದಲ್ಲಿ ಬರೀರಿ.' ಬರೆಯಲಿಲ್ಲ. ಒಂದು ಗಂಟೆ ನಿಮ್ಮ ಹಜಾರದಲ್ಲಿ ಕೂತೆ. ಅಲ್ಲಿ ಗೋಡೆಯುದ್ದದ ಅಕ್ವೇರಿಯಂ ಇದೆ. ಸತ್ಯ ಹೇಳಬೇಕು, ನಾನು ಕಂಡ ಟ್ಯಾಂಕುಗಳಲ್ಲೆಲ್ಲ ಅಚ್ಚುಕಟ್ಟಾದದ್ದು. ನೀರು ಗಾಜಿಗಿಂತ ತಿಳಿ, ಹವಳದ ಮೇಲೆ ಒಂದೆಳೆ ಪಾಚಿಯಿಲ್ಲ. ಗಾಜಿಗೆ ಚೀಟಿಯೊಂದು ಅಂಟಿದೆ: 'ದಯವಿಟ್ಟು ಮೀನುಗಳಿಗೆ ಆಹಾರ ಹಾಕಬೇಡಿ. ಅವುಗಳ ಜೀವಕ್ಕೆ ಅಪಾಯ.' ಕೆಳಗಿನ ಸಹಿ ಅಕ್ಕನ ದೋಣಿಗೆ ಅಂಟಿಸಿದ್ದ ಆದೇಶದಲ್ಲಿದ್ದದ್ದೇ, ನಿಮ್ಮದೇ.

ಅಂದರೆ ನಿಮಗೆ ಗೊತ್ತು. ಮೊದಲಿನಿಂದಲೂ ಗೊತ್ತು. ನಮಗೆ ಏಳು ಮೀನು ಸತ್ತ ಮೇಲೆ ತಿಳಿದದ್ದು ನಿಮಗೆ ಅವು ಬದುಕಿರುವಾಗಲೇ ತಿಳಿದಿತ್ತು. ಗೋಡೆಯೊಳಗಿನ ಮೀನಿಗೆ ಒಂದು ಕಾನೂನು, ಗೋಡೆಯಾಚೆಯದಕ್ಕೆ ಇನ್ನೊಂದು. ಇದನ್ನು ಅಜ್ಞಾನ ಎಂದು ಕ್ಷಮಿಸಲು ನನಗೆ ದಾರಿಯನ್ನೇ ನೀವು ಉಳಿಸಲಿಲ್ಲ.

ಆದ್ದರಿಂದ ಕೇಳುತ್ತೇನೆ, ಬೇಡುತ್ತಿಲ್ಲ. ಅಕ್ಕನ ಪರ್ಮಿಟ್ ಈ ಸೀಸನ್ ಮುಗಿಯುವ ಮೊದಲೇ ವಾಪಸ್ ಕೊಡಿ. ಬ್ರೆಡ್ ಪೊಟ್ಟಣ ನಿಲ್ಲಿಸಿ. ಹೊಸ ಫಲಕ ಬರೆಸುವ ತೊಂದರೆ ಬೇಡ. ನಿಮ್ಮ ಹಜಾರದ ಚೀಟಿಯನ್ನೇ ಕಿತ್ತು, ಅದೇ ಸಹಿಯೊಂದಿಗೆ, ಟಿಕೆಟ್ ಕೌಂಟರಿಗೆ ಅಂಟಿಸಿ. ಆಗುವುದಿಲ್ಲ ಎಂದಾದರೆ, ಸಾಹೇಬರೇ, ನಿಮ್ಮ ಹಜಾರದ ಟ್ಯಾಂಕಿನ ಮುಚ್ಚಳ ತೆಗೆದು, ಬರುವ ಪ್ರತಿ ಅತಿಥಿಯ ಕೈಗೂ ಒಂದು ಪೊಟ್ಟಣ ಕೊಡಿ. ಒಂದು ವಾರ ಸಾಕು.

ಇಂತಿ,
ಹೊಗಳಿ ಬರೆದು ಕೆಡಿಸಿದವಳು,
ಈ ಸಲವೂ ಸಮಯ, ದೋಣಿ ಸಂಖ್ಯೆ ಬಿಡದೆ ನಮೂದಿಸಿರುವ ನಿಮ್ಮ ಅತಿಥಿ