ಜೋರಾಗಿ ಓದ್ರಿ ಸಾರ್

ಕೊಟ್ಟೂರು
೧೭ ಫೆಬ್ರುವರಿ ೨೦೨೫

ಅವ್ವಾ,

ನಿನ್ನ ಶಾಂತಕುಮಾರಿಯ ಶರಣು. ಇದನ್ನು ಓದಿ ಹೇಳುವ ನಾಗರತ್ನಕ್ಕನಿಗೂ, ಸುತ್ತ ಕೂತು ಕೇಳುವ ಸಂಘದ ಹೆಣ್ಣುಮಕ್ಕಳಿಗೂ ಶರಣು.

ಫೋನಿನಲ್ಲಿ ಹೊಗಳಲು ಹೋದರೆ "ಆತು ಬಿಡು" ಎಂದು ಇಟ್ಟುಬಿಡುತ್ತೀ. ಕಾಗದವನ್ನು ಅರ್ಧಕ್ಕೆ ಇಡಲು ನಾಗರತ್ನಕ್ಕ ಬಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಸ್ಕಾಲರ್‌ಶಿಪ್ ಅರ್ಜಿಗೆ ನಿನ್ನ ಸಹಿ ಬೇಕೆಂದು ಗುಡೇಕೋಟೆಯಿಂದ ಕರೆಸಿದ್ದು ಸುಳ್ಳು. ಸಹಿ ಕಲಿತು ಆರು ತಿಂಗಳಾಗಿಲ್ಲ, ಕಾಗದ ಕಂಡಲ್ಲೆಲ್ಲ ಎರ್ರಮ್ಮ ಎಂದು ಬರೆಯುವ ಆಸೆ ನಿನಗೆ. ಕೇಳದೆ ಬರೆದು ಊರಿಗೆ ಹೋಗುತ್ತೀ ಎಂದುಕೊಂಡಿದ್ದೆ.

ನಿಜವಾದ ಸಂಗತಿ ಬೇರೆ. ನಮ್ಮ ಕಾಲೇಜಿನಲ್ಲಿ ಹುಡುಗರ ಶೌಚಾಲಯಕ್ಕೆ ಬೀಗವೇ ಇಲ್ಲ. ನಮ್ಮದಕ್ಕೆ ಬೀಗ, ಕೀಲಿ ಪ್ರಿನ್ಸಿಪಾಲರ ಕುರ್ಚಿಯ ಹಿಂದಿನ ಮೊಳೆಗೆ. ಹುಡುಗಿಯರು ಒಳಗೆ ನಿಂತು ಹರಟುತ್ತಾರಂತೆ, ಫೋನಿನಲ್ಲಿ ಮಾತಾಡುತ್ತಾರಂತೆ. ಕೀಲಿ ಬೇಕಾದರೆ ಹೋದ ಹೊತ್ತು, ಬಂದ ಹೊತ್ತು ಪುಸ್ತಕದಲ್ಲಿ ಬರೆಯಬೇಕು. ಎದುರಿಗೆ ಹುಡುಗರು ನಿಂತಿರುತ್ತಾರೆ. ಈ ಗೋಳೇ ಬೇಡವೆಂದು ನಾವು ಬೆಳಗಿನಿಂದ ನೀರನ್ನೇ ಕುಡಿಯುತ್ತಿರಲಿಲ್ಲ. ಒಂದು ದಿನ ನನ್ನ ಗೆಳತಿ ಶಾಂಭವಿ ತರಗತಿಯಲ್ಲೇ ತಲೆತಿರುಗಿ ಬಿದ್ದಳು. ಮರುದಿನ ನಲವತ್ತೆರಡು ಹುಡುಗಿಯರು ಖಾಲಿ ನೀರಿನ ಬಾಟಲಿಗಳನ್ನು ಮುಂದಿಟ್ಟುಕೊಂಡು ಕಾಲೇಜಿನ ಮೆಟ್ಟಿಲ ಮೇಲೆ ಕೂತೆವು. ಮೊದಲು ಕೂತವಳು ನಾನೇ.

ಅದಕ್ಕೇ ಐದು ಹುಡುಗಿಯರ ಮನೆಯವರಿಗೆ ಕರೆ ಬಂತು. ಇನ್ನು ಮುಂದೆ ನನ್ನ ಮಗಳು ಶೌಚಾಲಯದ ಬೀಗಕ್ಕಾಗಿ ಹೀಗೆ ಕೂತರೆ ಟಿ.ಸಿ. ಕೊಟ್ಟು ಕಳಿಸಿರಿ ಎಂದು ಬರೆದ ಮುಚ್ಚಳಿಕೆಗೆ ನೀವೆಲ್ಲ ಸಹಿ ಹಾಕಬೇಕಿತ್ತು.

ಮುಂದಿನದನ್ನು ನೀನು ಸಂಘದಲ್ಲಿ ಹೇಳಿರುವುದಿಲ್ಲ, ನಾನೇ ಹೇಳುತ್ತೇನೆ. ಪ್ರಿನ್ಸಿಪಾಲರ ಕೋಣೆಯಲ್ಲಿ ಶಾಂಭವಿಯ ಅಪ್ಪ ಬೆನಕಪ್ಪನವರು ಆಗಲೇ ಸಹಿ ಮಾಡಿದ್ದರು; ಉಳಿದ ಮನೆಯವರು, ನಾವು ಹುಡುಗಿಯರು ಹಿಂದೆ ನಿಂತಿದ್ದೆವು. ನೀನು ಪೆನ್ನು ಹಿಡಿದು, ಮತ್ತೆ ಮೇಜಿನ ಮೇಲಿಟ್ಟೆ.

"ಓದ್ರಿ ಸಾರ್. ನಮ್ಮ ಸಂಘದಾಗ ಓದಿ ಹೇಳದ ಕಾಗದಕ್ಕ ಯಾರೂ ಸಹಿ ಮಾಡಂಗಿಲ್ಲ."

ಸಣ್ಣ ಕಾಗದ, ಓದುವಂಥದ್ದೇನಿಲ್ಲ ಎಂದರು ಪ್ರಿನ್ಸಿಪಾಲರು. ಸಣ್ಣದಾದರೆ ಬೇಗ ಮುಗಿಯುತ್ತದೆ ಎಂದೆ ನೀನು. ಓದತೊಡಗಿದವರು ಶೌಚಾಲಯ ಎಂಬಲ್ಲಿಗೆ ಬಂದಾಗ ದನಿ ತಗ್ಗಿಸಿದರು.

"ಜೋರಾಗಿ ಓದ್ರಿ ಸಾರ್. ಹಿಂದ ನಿಂತೋರಿಗೆ ಕೇಳವಲ್ದು."

ಅವರು ಜೋರಾಗಿಯೇ ಓದಬೇಕಾಯಿತು. ಓದಿ ಮುಗಿಸಿದ ಮೇಲೆ, ಅದಕ್ಕೆ ಬೀಗ ಯಾಕೆ ಎಂದು ಕೇಳಿ ನೀನು ಸಹಿ ಹಾಕದೆ ಎದ್ದೆ. ಬೆನಕಪ್ಪನವರು ತಮ್ಮ ಕಾಗದವನ್ನು ಮೆಲ್ಲಗೆ ಎಳೆದುಕೊಂಡು ಜೇಬಿಗೆ ಹಾಕಿಕೊಂಡರು.

ಬಸ್‌ಸ್ಟ್ಯಾಂಡಿನಲ್ಲಿ ಬೈಯುತ್ತೀ ಎಂದು ಕಾದೆ. ನೀನು ಮಿರ್ಚಿ ಕೊಡಿಸಿ, ನೀರಿನ ಬಾಟಲಿ ಕೈಗಿಟ್ಟು, ಒಂದೇ ಮಾತು ಹೇಳಿದೆ: "ಖರೇ ಹೇಳಿದ್ದಿದ್ರ ಇನ್ನಾ ನಾಕು ಮಂದೀನ ಕರ್ಕಂಡು ಬರ್ತಿದ್ನೆಲ್ಲೇ." ಆ ಮಾತು ನೆನೆದರೆ ಈಗಲೂ ಕಣ್ಣು ತುಂಬುತ್ತದೆ ಅವ್ವಾ.

ಶುಕ್ರವಾರ ಬೀಗ ತೆಗೆದರು. ಈಗ ನಾವು ಮಧ್ಯಾಹ್ನದೊಳಗೆ ಎರಡು ಬಾಟಲಿ ನೀರು ಕುಡಿಯುತ್ತೇವೆ. ಶಾಂಭವಿ ಮೂರು ಕುಡಿಯುತ್ತಾಳೆ, ಹಟಕ್ಕೆ. ಒಂದು ದಿನದ ಕೂಲಿ ಬಿಟ್ಟು ಬಂದೆಯಲ್ಲ, ನಿನ್ನ ಉಪಕಾರ ನಾನು ಮರೆಯುವುದಿಲ್ಲ, ಇಲ್ಲಿಯ ಹುಡುಗಿಯರೂ ಮರೆಯುವುದಿಲ್ಲ. ಅಪ್ಪನಿಗೆ ನನ್ನ ಶರಣು ಹೇಳು.

ನಿನ್ನ ಮಗಳು
ಶಾಂತಕುಮಾರಿ

ಮತ್ತೊಂದು ಮಾತು: ನಾಗರತ್ನಕ್ಕ, ಇದನ್ನೂ ಜೋರಾಗಿಯೇ ಓದು. ಅವ್ವಾ, ನೀನು ಪೆನ್ನು ಕೆಳಗಿಟ್ಟಾಗ, ಇನ್ನು ಮುಂದೆ ಹೀಗೆ ಕೂರುವುದಿಲ್ಲವೆಂದು ನಾನೇ ಕೊಟ್ಟ ಮುಚ್ಚಳಿಕೆ ಅದೇ ಮೇಜಿನ ಮೇಲಿತ್ತು. ಓದು ನಿಲ್ಲುತ್ತದೆಂದು ಹೆದರಿ ಹಿಂದಿನ ದಿನವೇ ಒಬ್ಬಳೇ ಹೋಗಿ ಸಹಿ ಮಾಡಿ ಬಂದಿದ್ದೆ. ಶಾಂಭವಿಗೂ ಹೇಳಿರಲಿಲ್ಲ. ನೀನು ಊರಿಗೆ ಹೋದ ಮರುದಿನ ಪ್ರಿನ್ಸಿಪಾಲರ ಹತ್ತಿರ ಹೋಗಿ, ನಾನು ಯಾರಿಗೂ ಓದಿ ಹೇಳದೆ ಸಹಿ ಮಾಡಿದ್ದೆ, ವಾಪಸ್ ಕೊಡಿ ಸಾರ್ ಎಂದೆ. ಕೊಟ್ಟರು. ಈ ಲಕೋಟೆಯಲ್ಲಿದೆ. ಸಂಘದಲ್ಲಿ ಒಮ್ಮೆ ಓದಿಸಿ, ಆಮೇಲೆ ನಿನ್ನ ಕೈಯಾರೆ ಹರಿದುಹಾಕು.