ಅವ್ವನ ಎಡಗೈ

ರವಿವಾರ, ೧೬ ಫೆಬ್ರವರಿ

ಚರ್ಚಿನ ಪರದೆಗೆ ಡಿಸೈನ್ ಮಾಡೋ ಸ್ಟ್ಯಾನ್ಲಿ ಅಣ್ಣ ನನ್ನ ಫೋಟೋ ಕದ್ದಾನೋ ಇಲ್ಲೋ? ಮುಂಜಾನಿಂದ ತಲಿಯೊಳಗ ಇದೊಂದೇ ನಡದದ.

ಇವತ್ತ ಚರ್ಚಿನ್ಯಾಗ ಪಾಸ್ಟರ್ ಹೇಳಿದ ‘ಅನುದಿನದ ಆಹಾರ’ ಪ್ರಸಂಗಕ್ಕ ಪರದೆ ಮ್ಯಾಲೆ ಬಂದದ್ದು ನನ್ನ ಫೋಟೋ. ಸದಾಶಿವ ಪೇಠದ ನಮ್ಮ ಅಡಗಿಮನ್ಯಾಗ ಅವ್ವ ರೊಟ್ಟಿ ಬಡಿಯೋದು, ಬರೇ ಕೈ, ಮುಖ ಇಲ್ಲ. ನಾನ ಚರ್ಚಿನ ವಾಟ್ಸಾಪ್ ಗ್ರೂಪಿನ್ಯಾಗ ಹಾಕಿದ್ದೆ. “ಸೂಪರ್! ಒರಿಜಿನಲ್ ಕಳಸು” ಅಂತ ಸ್ಟ್ಯಾನ್ಲಿ ಅಣ್ಣ ಅಂದಾಗ ಮನಿ ತುಂಬ ಕುಣದಿದ್ದೆ. ಅವನ ಡಿಸೈನ್ ನೋಡೇ ನಾ ಎಲ್ಲಾ ಕಲಿತದ್ದು.

ಆದ್ರ ಫೋಟೋ ಕನ್ನಡಿಯೊಳಗ ಕಂಡಂಗ ಎಡ-ಬಲ ಉಲ್ಟಾ ಇತ್ತು. ಮೂಲ್ಯಾಗ ಬರದಿದ್ದ ನನ್ನ ಹೆಸರು ಮಾಯ.

“ಏ ಶೀತಲ, ನನ್ನ ಸುಟ್ಟ ಗಾಯ ಎಡಗೈಗೆ ಯಾವಾಗ ಬಂತ?” ಅಂತ ಅವ್ವ ಕಿವ್ಯಾಗ ಅಂದ್ಲು.

“ಸ್ಟ್ಯಾನ್ಲಿ ಫೋಟೋ ಭಾಳ ಛಲೋ ತಗದಾನ” ಅಂದ್ರು ಪಾಸ್ಟರ್. ಅಂವ ಸುಮ್ನ ನಕ್ಕ.

ಅಕ್ಷರಕ್ಕ ಜಾಗ ಬೇಕಂತ ತಿರುವಿರಬಹುದು, ನಾನೂ ತಿರುವ್ತೀನಿ. ಹೆಸರು ಯಾಕ ತಗದಾ? ಮೆಸೇಜ್ ಮಾಡಿ ಕೇಳಿದೆ. “ದೇವರ ಕೆಲಸ ತಂಗಿ, ಹೆಸರ್ಯಾಕ?” ಅಂತ ಬರದ, ಕೈ ಮುಗಿಯೋ ಇಮೋಜಿ ಬ್ಯಾರೆ. ಹಂಗಾರ ತನ್ನ ಹೆಸರು ಕೇಳಿ ಯಾಕ ನಕ್ಕ?

ಮುಂದಿನ ವಾರದ ಪ್ರಸಂಗಕ್ಕ ಅವಗ ಬಾಗಿಲದ ಫೋಟೋ ಬೇಕಂತ. ಬಾಗಿಲದಾಗ ಅವ್ವನ್ನ ನಿಂದರಿಸಿ ತಗದು ಕಳಿಸೇನಿ. ಪೂರಾ ಮುಖ, ನನ್ನ ಅವ್ವ ಅಂತ ಇಡೀ ಚರ್ಚಿಗೆ ಗೊತ್ತಿರೋ ಮುಖ. ಈಗ ಹೆಂಗ ಬೇಕಾದ್ರೂ ತಿರುವು ಅಣ್ಣಾ.

ನೀಲಿ ಟಿಕ್ ಬಂತು, ನೋಡ್ಯಾನ.